ತಳದಲ್ಲಿ ಎರಡು ಗೆರೆ

ಇಂದುಶೇಖರರಿಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದಿದ್ದರೆ ಅವರೇ ನಕ್ಕುಬಿಡುತ್ತಿದ್ದರು. ಆದರೆ ಆ ಭಾನುವಾರ ಗುರುಗ್ರಾಮದ ಕಡೆಗೆ ಹೊರಟ ಮೆಟ್ರೋದಲ್ಲಿ ಕೂತಿದ್ದಾಗ ಅವರ ಹೊಟ್ಟೆಯಲ್ಲಿ ಉರಿಯುತ್ತಿದ್ದುದು ಬೇರೇನೂ ಅಲ್ಲ. ತೊಡೆಯ ಮೇಲಿನ ಬ್ಯಾಗಿನಲ್ಲಿ ಟವೆಲು ಸುತ್ತಿದ ಬೇವಿನ ಬಟ್ಟಲೊಂದಿತ್ತು.

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಹದಿನೆಂಟು ವರ್ಷದಿಂದ ಅವರು ಮರದ ಬಟ್ಟಲು ಕಡೆಯುತ್ತಿದ್ದರು. ಒಂದನ್ನೂ ಮಾರಿದವರಲ್ಲ. ಮದುವೆ, ಗೃಹಪ್ರವೇಶ, ಆಫೀಸಿನ ಬೀಳ್ಕೊಡುಗೆ ಅಂತ ಹಂಚಿದ್ದೇ ಹಂಚಿದ್ದು. ರೇಟು ಕೇಳಿದವರ ಮೇಲೆ ಕೆಂಡವಾಗುತ್ತಿದ್ದರು. "ಮಾರೋಕೆ ಅಂತ ಕಡೆದ್ರೆ ಕೈ ಕೆಡುತ್ತೆ ಕಣ್ರೀ!" ಹೆಸರು ಕೊರೆಯುವುದೂ ಅಹಂಕಾರವೇ, ತಳದಲ್ಲಿ ಎರಡು ಗೆರೆ, ಅಷ್ಟೇ ಅವರ ಗುರುತು.

ತನುಶ್ರೀ ಉಳಿ ಹಿಡಿಯಲು ಕಲಿತದ್ದು ಅದೇ ಬಾಲ್ಕನಿಯಲ್ಲಿ. ಐಟಿ ಕೆಲಸದ ಹಾಸನದ ಹುಡುಗಿ. ಎರಡು ವರ್ಷ ಶನಿವಾರ ತಪ್ಪದೆ ಬಂದಳು. ಈಗ ತನ್ನದೇ ಲೇತ್ ಕೊಂಡು, ಗುರುಗ್ರಾಮದ ತನ್ನ ಅಪಾರ್ಟ್‌ಮೆಂಟ್ ಸೊಸೈಟಿಯ ಭಾನುವಾರದ ಸಂತೆಯಲ್ಲಿ ಬಟ್ಟಲು ಮಾರುತ್ತಿದ್ದಳು.

"ಮಧ್ಯಾಹ್ನದೊಳಗೆ ಎಲ್ಲಾ ಖಾಲಿಯಂತೆ ರೀ," ಎಂದು ಹೆಂಡತಿ ವಾಸಂತಿ ಹೇಳಿದ ದಿನದಿಂದ ಇಂದುಶೇಖರರಿಗೆ ಅನ್ನ ರುಚಿಸಲಿಲ್ಲ. ತನುಶ್ರೀಯ ಬಟ್ಟಲಿನ ಅಂಚು ರೊಟ್ಟಿಯ ಹಾಗೆ ದಪ್ಪ! ಅದಕ್ಕೇ ಜನ ಮುಗಿಬೀಳುವುದಾದರೆ ತನ್ನದಕ್ಕೆ? ಗುರುತು ಪರಿಚಯವಿಲ್ಲದ ಒಬ್ಬರಾದರೂ ತನ್ನ ಬಟ್ಟಲಿಗೆ ದುಡ್ಡು ಬಿಚ್ಚುತ್ತಾರೆಯೇ? ಅದೊಂದು ಗೊತ್ತಾಗಬೇಕಿತ್ತು.

"ಸರ್! ನೀವು ಬರ್ತೀರಿ ಅಂದುಕೊಂಡೇ ಇರಲಿಲ್ಲ!" ಸಂತೆಯಲ್ಲಿ ತನುಶ್ರೀ ತನ್ನ ಮೇಜಿನ ಬಳಿ ಇದ್ದ ಒಂದೇ ಕುರ್ಚಿಯಲ್ಲಿ ಅವರನ್ನು ಕೂರಿಸಿ ಚಹಾ ತರಲು ಓಡಿದಳು. ಇಂದುಶೇಖರರು ಆಚೀಚೆ ನೋಡಿ, ತಮ್ಮ ಬಟ್ಟಲನ್ನು ಅವಳ ಬಟ್ಟಲುಗಳ ನಡುವೆ ಇಟ್ಟು, ಏನೂ ಅರಿಯದವರಂತೆ ಕೂತರು.

ಬೆಳ್ಳಿಗೂದಲಿನ ಹೆಂಗಸೊಬ್ಬಳು ಬಂದಳು. ಒಂದೊಂದೇ ಮುಟ್ಟಿ ನೋಡಿದಳು. ಕೊನೆಗೆ ಎತ್ತಿಕೊಂಡದ್ದು ಬೇವಿನದ್ದನ್ನೇ. ಅಂಚಿನ ಮೇಲೆ ಬೆರಳಾಡಿಸಿ, ಚಹಾ ಹಿಡಿದು ಬಂದ ತನುಶ್ರೀಯನ್ನು ಎಷ್ಟೆಂದು ಹಿಂದಿಯಲ್ಲಿ ಕೇಳಿದಳು. ಇಂದುಶೇಖರರು ಕುರ್ಚಿಯ ಅಂಚಿಗೆ ಸರಿದರು. ಹೇಳು, ಎಷ್ಟಾದರೂ ಹೇಳು!

ತನುಶ್ರೀ ಬೆಲೆಯ ಚೀಟಿಗಾಗಿ ಬಟ್ಟಲನ್ನು ಮಗುಚಿದಳು. ಎರಡು ಗೆರೆ ಕಂಡವು.

"ಕ್ಷಮಿಸಿ, ಇದು ಮಾರೋದಕ್ಕಲ್ಲ," ಎಂದು ಹಿಂದಿಯಲ್ಲೇ ಹೇಳಿದಳು. "ಇಲ್ಲಿ ಕೂತಿರೋ ನನ್ನ ಗುರುಗಳದ್ದು. ಅವರು ಮಾರೋದಿಲ್ಲ."

ಕೇಳಿದಷ್ಟು ಕೊಡುತ್ತೇನೆ ಎಂದಳು ಆಕೆ. ತನುಶ್ರೀ ಜಗ್ಗಲಿಲ್ಲ. ಕೊಡು ಎನ್ನಲು ಇಂದುಶೇಖರರು ಬಾಯಿ ತೆರೆದರು. ಹದಿನೆಂಟು ವರ್ಷದ ಉಪದೇಶ ಅಡ್ಡ ಬಂತು.

"ಅಚ್ಛಾ, ಹಾಬಿ!" ಎಂದು ಆಕೆ ಅವರತ್ತ ನೋಡಿ, ಮಕ್ಕಳ ಚಿತ್ರ ಮೆಚ್ಚುವವರ ನಗು ನಕ್ಕಳು. ಆಮೇಲೆ ತನುಶ್ರೀಯ ದಪ್ಪ ಅಂಚಿನದೊಂದನ್ನು ಕೊಂಡು ಹೋದಳು.

"ನನಗೆ ಅಂತ ತಂದ್ರಾ ಸರ್?" ತನುಶ್ರೀಯ ಕಣ್ಣು ತುಂಬಿತ್ತು. ಬಟ್ಟಲನ್ನು ಎದೆಗೊತ್ತಿಕೊಂಡಿದ್ದಳು.

"ಹೂಂ," ಎಂದರು. ಇನ್ನೇನು ಹೇಳಿಯಾರು?

ಮನೆಯಲ್ಲಿ ವಾಸಂತಿ ಖಾಲಿ ಬ್ಯಾಗು ನೋಡಿ ಕೇಳಿದಳು, "ಬೇವಿನ ಬಟ್ಟಲು ಎಲ್ಲಿ ಹೋಯ್ತು ರೀ?"

ಇಂದುಶೇಖರರು ಚಪ್ಪಲಿ ಬಿಡುತ್ತಾ, ಅವಳ ಮುಖ ನೋಡದೆ, "ಮಾರಿಬಿಟ್ಟೆ," ಎಂದರು.