ಅಡ್ಡವೇ ಇಲ್ಲದ ಮನೆ

"ನಿಂತ್ಕೊ, ಬಂದೆ" ಎಂದು ಡ್ರೈವರು ಕುರ್ಚಿಯಿಂದ ಏಳುವಷ್ಟರಲ್ಲಿ ಹೆಂಡತಿ ಪ್ಯಾಸೇಜಿನ ನಡುವೆ ನಿಂತುಬಿಟ್ಟಿದ್ದಳು. ಬಲಗೈಯಲ್ಲಿ ಊರುಗೋಲು, ಎಡಗೈಯಲ್ಲಿ ಗೋಡೆಯ ಸ್ಟೀಲ್ ಕಂಬಿ. ಹಿಡಿಯಲು ಇಷ್ಟೆಲ್ಲ ಇದ್ದೂ ಹೆಜ್ಜೆ ಮುಂದಕ್ಕೆ ಹೋಗಲಿಲ್ಲ. ಡ್ರೈವರು ತೋಳು ಹಿಡಿದು ಬಚ್ಚಲಿನವರೆಗೆ ಬಿಟ್ಟು, ಅವಳು ಹೊರಗೆ ಬರುವ ತನಕ ಬಾಗಿಲ ಬಳಿ ಗೋಡೆ ನೋಡುತ್ತಾ ನಿಂತರು.

ಬಸ್ಸಿನ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಬೀದಿಯವರಿಗೆ ಅವರು ಇನ್ನೂ ಡ್ರೈವರೇ. ಹೆಂಡತಿ ಅರ್ಧ ಬೀದಿಗೆ ಬಟ್ಟೆ ಹೊಲಿದುಕೊಟ್ಟವಳು. ಕಣ್ಣು ಮಂಜಾಗುತ್ತಾ ಬಂದು ಹೊಲಿಗೆ ನಿಂತಿತೇ ಹೊರತು ಓಡಾಟ ನಿಂತಿರಲಿಲ್ಲ. ಒಲೆ ಹಚ್ಚುವುದು, ಬಟ್ಟೆ ಮಡಿಸುವುದು, ಗಂಡ ಎಲ್ಲೋ ಇಟ್ಟು ಮರೆತ ಕನ್ನಡಕ ಹುಡುಕಿಕೊಡುವುದು ಎಲ್ಲವೂ ಅವಳದೇ. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದ ದಿನದವರೆಗೂ ಹಾಗೇ ನಡೆದಿತ್ತು.

ಅವಳು ಆಸ್ಪತ್ರೆಯಲ್ಲಿದ್ದಾಗ ಡ್ರೈವರು ಮನೆಯನ್ನು ರಿಪೇರಿಗೆ ಹಾಕಿದರು. ಅಮ್ಮನ ಕಾಲಿಗೆ ಏನೊಂದೂ ಅಡ್ಡ ಸಿಗಬಾರದು ಎಂದು ಮಗಳು ಹೇಳಿದ್ದೇ ತಡ, ಮೇಸ್ತ್ರಿಯನ್ನು ಕರೆಸಿ ಬಚ್ಚಲಿಗೂ ಪ್ಯಾಸೇಜಿಗೂ ಜಾರದ ಟೈಲ್ಸ್ ಹಾಕಿಸಿದರು, ಕಮೋಡು ಎತ್ತರಿಸಿದರು. ಅಡುಗೆಮನೆಯ ಹೊಸ್ತಿಲು ಒಡೆಸಿ ನೆಲ ಸಮ ಮಾಡಿಸಿದರು. ಪ್ಯಾಸೇಜಿನಲ್ಲಿದ್ದ ಹೊಲಿಗೆ ಮಷೀನು ಹಿಂದಿನ ಕೋಣೆ ಸೇರಿತು. ಈ ಕೊನೆಯಿಂದ ಆ ಕೊನೆಗೆ ಗೋಡೆಗೆ ಕಂಬಿ ಬಂತು. ಇನ್ನು ಒಂದು ಸಿಗ್ನಲ್ ಲೈಟ್ ಹಾಕಿಸಿದರೆ ಒಳಗೇ ಬಸ್ಸು ಓಡಿಸಬಹುದು ಎಂದು ಮೇಸ್ತ್ರಿ ತಮಾಷೆ ಮಾಡಿದ. ಡ್ರೈವರು ನಕ್ಕರು. ನಗಬೇಕಾದ ಹೊತ್ತು ಎಂದು ಗೊತ್ತಾಗಿ ನಕ್ಕರು, ಅಷ್ಟೆ.

ಅವಳು ಬಿದ್ದಿದ್ದನ್ನು ಕಂಡ ಗಳಿಗೆಯಿಂದ ಅವರೊಳಗೆ ಏನೂ ಆಗುತ್ತಿರಲಿಲ್ಲ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಹೊತ್ತಿಗೆ ಉಂಡರು, ಮಲಗಿದರೆ ನಿದ್ದೆ ಬಂತು. ಡ್ರೈವರದು ಗಟ್ಟಿ ಗುಂಡಿಗೆ ಎಂದು ಜನ ಆಡಿಕೊಂಡರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ; ಜೋಮು ಹಿಡಿದ ಕಾಲನ್ನು ಚಿವುಟಿದಂತೆ, ಚಿವುಟಿದ್ದು ಕಾಣುತ್ತಿತ್ತು, ನೋವು ತಿಳಿಯುತ್ತಿರಲಿಲ್ಲ.

ಮನೆಗೆ ಬಂದ ಹೆಂಡತಿ ಕಂಬಿಯನ್ನು ಸವರಿ ನೋಡಿ ಚೆನ್ನಾಗಿದೆ ಎಂದಳು. ಆಮೇಲೆ ಹೊರಕೋಣೆಯ ಕುರ್ಚಿಯಲ್ಲಿ ಕೂತಳು. ದಿನಗಳು ಕಳೆದರೂ ಅವಳು ಆ ಕುರ್ಚಿಯಲ್ಲೇ ಇದ್ದಳು. ಏಳಬೇಕೆಂದರೆ ಗಂಡನನ್ನು ಕರೆಯುವಳು, ಇಲ್ಲದಿದ್ದರೆ ಸುಮ್ಮನಿರುವಳು. ಮತ್ತೆ ಬೀಳಲಿಲ್ಲವಲ್ಲ ಎಂದು ಫೋನಿನಲ್ಲಿ ಮಗಳಿಗೆ ಸಮಾಧಾನ. ಮಾಡಿಸಿದ ಕೆಲಸ ಸಾರ್ಥಕವಾಯಿತೆಂದು ಡ್ರೈವರೂ ತಿಳಿದಿದ್ದರು.

ಪ್ಯಾಸೇಜಿನ ನಡುವೆ ಅವಳು ನಿಂತುಬಿಟ್ಟ ದಿನ ಸಂಜೆ ನೀರಿನ ಜಗ್ಗು ಎತ್ತಿದಾಗ ಅದು ಭಾರವಾಗಿತ್ತು. ಬೆಳಗ್ಗೆ ತುಂಬಿಸಿಟ್ಟ ನೀರು ಹಾಗೇ ಇತ್ತು. ಯಾಕೆ ಕುಡಿದಿಲ್ಲ ಎಂದರೆ ಬಾಯಾರಿಕೆ ಇಲ್ಲವೆಂದಳು. ಅವಳ ತುಟಿ ಒಡೆದು ಸಿಪ್ಪೆ ಎದ್ದಿತ್ತು. ಡ್ರೈವರು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಮತ್ತೆ ಕೇಳಿದರು.

"ಕುಡಿದ್ರೆ ಹೋಗ್ಬೇಕಾಗತ್ತೆ" ಎಂದಳು. "ಹೋಗ್ಬೇಕಂದ್ರೆ ನಿಮ್ಮನ್ನ ಕರೀಬೇಕು."

"ಕರೀ. ನಾನಿರೋದ್ಯಾಕೆ?"

"ಬಚ್ಚಲಿಗೆ ಹೋಗೋಕೂ ಒಬ್ಬರನ್ನ ಕೇಳ್ಕೊಂಡು ಹೋಗ್ಬೇಕಾ ರೀ?"

ಅಷ್ಟುದ್ದ ಕಂಬಿ ಹಾಕಿಸಿದ್ದು ಮತ್ತೇಕೆ ಎಂದು ಡ್ರೈವರು ಕೇಳಿದರು. ಅವಳು ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು: "ಹಿಡ್ಕೋತೀನಿ. ಆದ್ರೆ ನಾನೆಲ್ಲಿದೀನಿ ಅಂತ ಅದು ಹೇಳಲ್ಲ. ಉದ್ದಕ್ಕೂ ಒಂದೇ ಥರ ತಣ್ಣಗಿದೆ. ಮೊದಲು ಮಷೀನು ಕೈಗೆ ಸಿಗ್ತಿತ್ತು, ಅದನ್ನ ದಾಟಿ ಎಡಕ್ಕೆ ತಿರುಗಿದ್ರೆ ಬಚ್ಚಲು. ಹೊಸ್ತಿಲು ಕಾಲಿಗೆ ತಾಕಿದ್ರೆ ಅಡುಗೆಮನೆ. ಈಗ ಬಟ್ಟ ಬಯಲಲ್ಲಿ ನಿಂತ ಹಾಗಾಗತ್ತೆ."

"ನಿಂಗೆ ಕಾಣೋದೆಷ್ಟು?"

"ಕಿಟಕಿ ಬೆಳಕು ಕಾಣತ್ತೆ."

ಅಷ್ಟಿಷ್ಟಾದರೂ ಕಾಣುತ್ತದೆಂದು ಅವರು ನಂಬಿದ್ದರು. ಒಂದೇ ಸೂರಿನಡಿ ಬದುಕಿದ್ದೂ, ಅವಳು ಕೈಯಿಂದಲೂ ಕಾಲಿಂದಲೂ ಮನೆ ನೋಡುತ್ತಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಇದಕ್ಕೂ ಒಳಗೆ ಏನೂ ಆಗಲಿಲ್ಲ. ಎದ್ದು ಹೋಗಿ ಮಗಳಿಗೆ ಫೋನು ಮಾಡಿದರು.

ಮಷೀನನ್ನು ಮತ್ತೆ ಪ್ಯಾಸೇಜಿಗೆ ತರುತ್ತೇನೆ ಎಂದರೆ ಮಗಳು ಒಪ್ಪಲಿಲ್ಲ. ಮಷೀನಿಗೆ ಎಡವಿ ಬಿದ್ದರೆ ಈ ಸಲ ಅಮ್ಮ ಮತ್ತೆ ಏಳುವುದಿಲ್ಲ, ಡಾಕ್ಟರು ಹೇಳಿದ್ದು ಮರೆತುಹೋಯಿತೇ ಎಂದಳು. ಅವಳ ಮಾತಿನಲ್ಲಿ ಡ್ರೈವರಿಗೆ ತಪ್ಪೇನೂ ಕಾಣಲಿಲ್ಲ. ಸರಿ ಎಂದು ಫೋನು ಇಟ್ಟು, ಹಿಂದಿನ ಕೋಣೆಗೆ ಹೋದರು.

ಮಷೀನು ಒಬ್ಬರ ಕೈಲಿ ಜಗ್ಗುವ ವಸ್ತುವಲ್ಲ. ಒಂದು ಬದಿ ಸರಿಸಿ, ಉಸಿರು ತೆಗೆದುಕೊಂಡು, ಇನ್ನೊಂದು ಬದಿ ಸರಿಸಿ, ಹೊಸ ಟೈಲ್ಸಿನ ಮೇಲೆ ಕಬ್ಬಿಣದ ಕಾಲು ಕಿರ್ರೆಂದು ಗೀರೆಳೆಯುತ್ತಾ ಪ್ಯಾಸೇಜಿಗೆ ತಂದರು. ಇಟ್ಟೆ ಎಂದುಕೊಳ್ಳುವಷ್ಟರಲ್ಲಿ ಹೊರಕೋಣೆಯಲ್ಲಿ ಸದ್ದು ಕೇಳುತ್ತಾ ಕೂತಿದ್ದ ಹೆಂಡತಿ, "ಇನ್ನೂ ಸ್ವಲ್ಪ ಹಿಂದಕ್ಕೆ" ಎಂದಳು. ಕಣ್ಣಿದ್ದವರು ತೆಪ್ಪಗೆ ಹಿಂದಕ್ಕೆ ಸರಿಸಿದರು.

ಅವಳು ಒಂದು ಲೋಟ ನೀರು ಕುಡಿದಳು. ಇನ್ನೊಂದು ಕೇಳಿ ಅದನ್ನೂ ಕುಡಿದಳು. ಸ್ವಲ್ಪ ಹೊತ್ತಿಗೆ ಊರುಗೋಲು ಊರಿ ಎದ್ದಳು. ಡ್ರೈವರೂ ಎದ್ದರು.

"ನೀವು ಬರ್ಬೇಡಿ. ಕೂತ್ಕೊಳ್ಳಿ."

ಕೂತರು. ಗೋಡೆಯ ಮರೆಯಾದ್ದರಿಂದ ಕುರ್ಚಿಗೆ ಪ್ಯಾಸೇಜು ಕಾಣುವುದಿಲ್ಲ. ಕೋಲಿನ ಸದ್ದು ನಿಧಾನವಾಗಿ ದೂರ ಹೋಯಿತು. ಮಷೀನಿನ ಹಲಗೆಯ ಮೇಲೆ ಅಂಗೈ ಬಿದ್ದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕೋಲೂ ಇಲ್ಲ, ಉಸಿರೂ ಇಲ್ಲ. ಡ್ರೈವರಿಗೆ ಹೆದರಿಕೆಯಾಯಿತು. ಅವಳು ಬಿದ್ದ ದಿನ ಆಗಬೇಕಿದ್ದ ಹೆದರಿಕೆ ಈಗ ಬಂತು. ಹೆಸರು ಹಿಡಿದು ಕೂಗಬೇಕೆನಿಸಿತು, ಕೂಗಲಿಲ್ಲ.

ಕೋಲು ಮತ್ತೆ ಟಕ್ ಎಂದಿತು, ಎಡಕ್ಕೆ ತಿರುಗಿತು. ಡ್ರೈವರು ಕುರ್ಚಿಯ ಎರಡೂ ಕೈ ಹಿಡಿದು ಕೂತೇ ಇದ್ದರು. ಅವರ ಬಲಗಾಲು ಬ್ರೇಕಿನ ಮೇಲಿದ್ದಂತೆ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.