ಯುದ್ಧದ ಪಕ್ಕದ ಮುಸ್ಸಂಜೆ

ನನ್ನ ತಮ್ಮ ಹೊರೇಸ್ ಬರೆಯುತ್ತಿದ್ದದ್ದು ಪ್ರಶಾಂತವಾದ ಚಿತ್ರಗಳನ್ನು. ಅವನ ಸ್ವಭಾವದಲ್ಲಿ ಶಾಂತಿ ಎಳ್ಳಷ್ಟೂ ಇರಲಿಲ್ಲ. ಇದ್ದದ್ದನ್ನೆಲ್ಲ ಕ್ಯಾನ್ವಾಸಿಗೇ ಬಳಿದು ಮುಗಿಸುತ್ತಿದ್ದನೋ ಏನೋ. ಆ ವರ್ಷ ಬರೆದದ್ದು ಥೇಮ್ಸ್ ದಡದ ನಮ್ಮೂರಿನ ಮುಸ್ಸಂಜೆ. ಬೂದು ನೀರು, ದೋಣಿಕಟ್ಟೆ, ಕಟ್ಟಿಹಾಕಿದ ದೋಣಿಯಲ್ಲಿ ಪೈಪು ಸೇದುತ್ತ ಕೂತ ನಮ್ಮಪ್ಪ.

ಅಪ್ಪ ಅಂಬಿಗ. ಗಂಡಸಾದವನು ಬಣ್ಣ ಬಳಿದರೆ ದೋಣಿಗೆ ಬಳಿಯಬೇಕು ಎನ್ನುವ ಜಾತಿ. ಮಗನ ಒಂದು ಚಿತ್ರವನ್ನೂ ನೋಡಲು ಲಂಡನ್ನಿಗೆ ಬಂದವನಲ್ಲ. "ಈ ಸಲ ನಿನ್ನನ್ನೇ ಬರ್ದಿದ್ದೀನಪ್ಪ" ಎಂದಾಗ ಮಾತ್ರ ಬರುತ್ತೇನೆಂದ. ಹೊರೇಸನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪನ ಬಾಯಿಂದ ಒಂದೇ ಒಂದು 'ಭೇಷ್' ಕೇಳಲು ಅವನು ಹುಟ್ಟಿದಾಗಿನಿಂದ ಕಾದಿದ್ದ.

ಲಂಡನ್ನಿನ ಚಿತ್ರಪ್ರದರ್ಶನ ತೆರೆಯುವ ಮುನ್ನ, ಚಿತ್ರಗಳಿಗೆ ಕೊನೆಯ ಹೊಳಪಿನ ವಾರ್ನಿಷ್ ಬಳಿಯಲೆಂದು ಕಲಾವಿದರನ್ನು ಒಳಗೆ ಬಿಡುತ್ತಾರೆ. ವಾರ್ನಿಷ್ ಬರೀ ನೆಪ. ಎಲ್ಲರೂ ಪಕ್ಕದವನ ಚಿತ್ರ ನೋಡಿ ತಮ್ಮದರ ಬಣ್ಣ ಏರಿಸುತ್ತಾರೆ. ನನ್ನ ಹೂವಿನ ಚಿತ್ರವನ್ನು ಎಂದಿನಂತೆ ಸೂರಿನ ಹತ್ತಿರ, ಜೇಡಗಳ ಮೆಚ್ಚುಗೆಗೆ ಬಿಟ್ಟಿದ್ದರು. ಹೊರೇಸನದು ಕಣ್ಣೆದುರಿಗೇ ಇತ್ತು. ಆದರೆ ಪಕ್ಕದಲ್ಲಿ ಇನ್ನೊಬ್ಬ ಕಲಾವಿದ ಗಿಲ್‌ಕ್ರಿಸ್ಟನ ಯುದ್ಧ: ಕೆಂಪು ಕೋಟಿನ ಸೈನಿಕರು, ಉರಿಯುವ ಕೋಟೆ.

"ಅಕ್ಕಾ, ನಂದು ಸತ್ತ ಮೀನಿನ ಥರ ಕಾಣ್ತಿದೆ ಕಣೇ."

"ಮುಸ್ಸಂಜೆ ಇನ್ನು ಹೇಗೋ ಕಾಣ್ಬೇಕು? ಕೈ ಇಡಬೇಡ, ಸುಮ್ನಿರು."

"ಒಂದೇ ಒಂದು ಚೂರು ಕೆಂಪು. ಆಕಾಶಕ್ಕೆ ಮಾತ್ರ."

ಹೊರೇಸ್ ಬಳಿದ ಕೆಂಪು ನೋಡಿ ಗಿಲ್‌ಕ್ರಿಸ್ಟ್ ಒಂದು ಫಿರಂಗಿಗೆ ಬೆಂಕಿ ಕೊಟ್ಟ. ಹೊರೇಸ್ ಮೋಡಗಳಿಗೆ ಕೊಟ್ಟ. ಅವನು ಇನ್ನೊಂದು ಕೋಟೆ ಸುಟ್ಟ. ಇವನು ನದಿಗೇ ಕೈ ಹಾಕಿದ. ನಾನು ಏಣಿಯ ಮೇಲಿಂದ ಗಂಟಲು ಹರಿದುಕೊಂಡೆ. ಹೊಟ್ಟೆಕಿಚ್ಚು ಹತ್ತಿದವನಿಗೆ ಕಿವಿ ಕೇಳಿಸುತ್ತದೆಯೇ? ಬಾಗಿಲು ಮುಚ್ಚುವ ಹೊತ್ತಿಗೆ ನಮ್ಮೂರಿನ ಪ್ರಶಾಂತ ದಡ ಲಂಕೆಯಾಗಿತ್ತು.

ಮೊದಲ ದಿನ ಜನವೋ ಜನ. ಮುಸ್ಸಂಜೆಯ ಮುಂದೆ ಬಾಯಿ ತೆರೆದು ನಿಂತಿದ್ದರು. ಯುದ್ಧವನ್ನು ಕೇಳುವವರಿರಲಿಲ್ಲ. "ಎಂಥಾ ಅಗ್ನಿಕಾಂಡ!" ಎಂದು ಯಾರೋ ಗಿರಣಿ ಸಾಹುಕಾರ ಕೊಂಡೂ ಬಿಟ್ಟಿದ್ದ. ಹೊರೇಸ್ ಗೆದ್ದಿದ್ದ, ಪುಣ್ಯಾತ್ಮ.

ಅಪ್ಪ ಚರ್ಚಿಗೆ ಹಾಕುವ ಕೋಟು ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ಬಂದ. ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದ. ಮೂಲೆಯಿಂದ ಮೂಲೆಗೆ ಹುಡುಕಿದ.

"ಇದು ನಮ್ ಕಟ್ಟೆನೇನೋ?"

"ಹೂಂ, ಅಪ್ಪ."

"ನಾನೆಲ್ಲಿದ್ದೀನಿ?"

ಹೊರೇಸ್ ತೋರಿಸಲು ಬೆರಳೆತ್ತಿದ. ಅಪ್ಪ ಕೂತಿದ್ದ ದೋಣಿಯ ಜಾಗದಲ್ಲಿ ಒಂದು ಜ್ವಾಲೆ ಬಿಟ್ಟರೆ ಏನೂ ಇರಲಿಲ್ಲ. ನಿಧಾನವಾಗಿ ಕೈ ಇಳಿಸಿದ. ನನಗೆ ಅವನ ಮೇಲೆ ಬಂದಿದ್ದ ಸಿಟ್ಟೆಲ್ಲ ಇಳಿದು ಅಳು ಬಂತು.

ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

"ಹೋಗ್ಲಿ ಬಿಡಪ್ಪ. ಇಷ್ಟು ಬೆಂಕಿ ಬಿದ್ಮೇಲೂ ನಾನು ಅಲ್ಲೇ ಕೂತಿರ್ತೀನಾ? ಎದ್ದು ಮನೆಗೆ ಹೋಗಿರ್ತೀನಿ."