ಮಂದ್ರ ಎಂಟು, ಮಧ್ಯ ಎರಡು

ನಮ್ಮ ಬ್ಯಾಂಡಿನ ಯಜಮಾನ ಲಿಗೋರ್ಯೊನಿಗೆ ಟ್ರಂಪೆಟ್ ಊದುವುದಕ್ಕಿಂತ ಪ್ರೀತಿಯ ಕೆಲಸವೊಂದಿತ್ತು. ಎಸ್ಪೆರಾನ್ಸಾ ನೀರು ಕುಡಿಯಲು ಆಚೆ ಹೋದಳೋ ಇಲ್ಲವೋ, ಅವಳ ಆಂಪ್ಲಿಫೈಯರಿನ ಗುಂಡಿಗಳನ್ನು ತಿರುಗಿಸುವುದು.

ಎಸ್ಪೆರಾನ್ಸಾ ನಮ್ಮ ಬೇಸ್ ಗಿಟಾರಿನವಳು. ವಯಸ್ಸು ಐವತ್ತೆಂಟು. ವಾರವೆಲ್ಲ ಕುಡ್ತರಿ ಊರಿನ ತನ್ನ ಮನೆಯಲ್ಲಿ ಮದುಮಗಳ ಗೌನು ಹೊಲಿಯುವುದು, ಶನಿವಾರ ಅದೇ ಮದುಮಗಳ ಮದುವೆಯಲ್ಲಿ ಬೇಸ್ ನುಡಿಸುವುದು. ಅವಳ ಆಂಪಿನ ಮೇಲೆ ಮೂರು ಗುಂಡಿಗಳಿದ್ದವು: ಮಂದ್ರಕ್ಕೊಂದು, ಮಧ್ಯಕ್ಕೊಂದು, ತಾರಕ್ಕೊಂದು. ಸುತ್ತ ಒಂದರಿಂದ ಹತ್ತರವರೆಗೆ ಅಂಕಿಗಳು. ಅವಳು ಅಂಕಿಗಳನ್ನು ನೋಡುತ್ತಲೇ ಇರಲಿಲ್ಲ. ಒಂದು ತಂತಿ ಮೀಟಿ, ತಲೆ ವಾಲಿಸಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಮೀಟುವಳು. ಕೊನೆಗೆ ಬರುವ ದನಿ ಒಂಟಿಯಾಗಿ ಕೇಳಿದರೆ ಒಣ ಚಿಪ್ಪು ತಟ್ಟಿದಂತೆ ಇರುತ್ತಿತ್ತು. ಡ್ರಮ್ಮು, ಟ್ರಂಪೆಟ್ಟು, ನನ್ನ ಕೀಬೋರ್ಡು ಎಲ್ಲ ಸೇರಿದ ಮೇಲೆ ಮಾತ್ರ ಅದರ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕಾಲಿಗೆ ಕುಣಿತ ಕಲಿಸುತ್ತಿತ್ತು.

ಲಿಗೋರ್ಯೊ ಒಪ್ಪಬೇಕಲ್ಲ. ಅವನಿಗೆ ಅವಳು 'ಬಾಯ್', ಅಂದರೆ ತಂಗಿ; ಅವಳಿಗೆ ಅವನು 'ಪಾತ್ರಾಂವ್', ಅಂದರೆ ಯಜಮಾನ. "ಬೇಸ್ ಅಂದ್ರೆ ಎದೆಗೆ ಗುದ್ದಬೇಕು ಬಾಯ್! ಮಂದ್ರ ಎಂಟು, ಮಧ್ಯ ಎರಡು. ಬರ್ಕೊಂಡು ಇಟ್ಕೊ."

"ಒಬ್ಬಳೇ ನುಡಿಸಿದ್ರೆ ಗುದ್ದುತ್ತೆ ಪಾತ್ರಾಂವ್. ನೀವೆಲ್ಲ ಶುರು ಹಚ್ಕೊಂಡ ಮೇಲೆ ಬರೀ ಕೆಸರು."

"ಯಜಮಾನ ನಾನೋ ನೀನೋ?"

"ಯಜಮಾನ್ರು ನೀವೇ. ಕಿವಿ ಮಾತ್ರ ನಂದು."

ಇದು ಎರಡು ವರ್ಷ ನಡೆಯಿತು. ರಾಯ್ತೂರಿನ ಒಂದು ಮದುವೆಯ ಮಧ್ಯಾಹ್ನ ಲಿಗೋರ್ಯೊ ಹಂದಿಮಾಂಸದ ಸೊರ್ಪೊತೆಲ್ ರುಚಿ ನೋಡಲು ಅಡುಗೆಯವರ ಹತ್ತಿರ ಹೋಗಿದ್ದಾಗ, ಎಸ್ಪೆರಾನ್ಸಾ ಚೀಲದಿಂದ ಹೊಲಿಗೆಯ ಕತ್ತರಿ ತೆಗೆದು, ಅದರ ತುದಿಯಿಂದ ಮೀಟಿ ಗುಂಡಿಗಳನ್ನೇ ಕಿತ್ತಳು. ಒಳಗೆ ಬರೀ ಹಲ್ಲುಹಲ್ಲಿನ ಕಡ್ಡಿ. ಕಡ್ಡಿಯನ್ನು ತನಗೆ ಬೇಕಾದಲ್ಲಿ ನಿಲ್ಲಿಸಿ, ಗುಂಡಿಯ ಬಿಳಿ ಗೆರೆ ಮಂದ್ರದಲ್ಲಿ ಎಂಟಕ್ಕೂ ಮಧ್ಯದಲ್ಲಿ ಎರಡಕ್ಕೂ ಬರುವಂತೆ ಮತ್ತೆ ಒತ್ತಿ ಕೂರಿಸಿದಳು. ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

ಲಿಗೋರ್ಯೊ ಬಂದ. ಬಗ್ಗಿ ನೋಡಿದ. ಎಂಟು, ಎರಡು. ಕೈ ಮುಂದೆ ಹೋಗಲೇ ಇಲ್ಲ. ಮೊದಲ ಕುಣಿತ ಮುಗಿದಾಗ ಮೀಸೆ ತಿರುವುತ್ತ ನನ್ನ ಪಕ್ಕಕ್ಕೆ ಬಂದು, "ಕೇಳಿದ್ಯಾ? ಹೆಂಗಸಿಗೆ ಈಗ ಬುದ್ಧಿ ಬಂತು," ಎಂದ. ನಗು ತಡೆಯಲು ನಾನು ಕೆಮ್ಮಬೇಕಾಯಿತು.

ಮೂರು ತಿಂಗಳು ನಮ್ಮಲ್ಲಿ ಶಾಂತಿಯೋ ಶಾಂತಿ. ಆದರೆ ಲಿಗೋರ್ಯೊ ತನ್ನ ಜ್ಞಾನವನ್ನು ತಾನೊಬ್ಬನೇ ಇಟ್ಟುಕೊಳ್ಳುವ ಜಿಪುಣನಲ್ಲ. ಚಾಂದರಿನ ಬ್ಯಾಂಡಿನವರಿಗೆ ಉಪದೇಶ ಮಾಡಲು ಒಂದು ಭಾನುವಾರ ಅವರು ನುಡಿಸುವ ಮದುವೆಗೇ ಹೊರಟುಬಿಟ್ಟ. ಅವರ ಆಂಪಿನ ಗುಂಡಿಗಳು ಸುಳ್ಳು ಹೇಳುತ್ತಿರಲಿಲ್ಲ. ಮಂದ್ರವನ್ನು ಎಂಟಕ್ಕೆ ಏರಿಸಿ ಮಧ್ಯವನ್ನು ಎರಡಕ್ಕೆ ಇಳಿಸಿದ. ಮೊದಲ ವಾಲ್ಟ್ಸ್ ಶುರುವಾದದ್ದೇ ತಡ, ಬಾವಿಗೆ ಬಿದ್ದ ಕೋಣ ಕೂಗಿದಂತಾಯಿತಂತೆ. ವೈನಿನ ಲೋಟಗಳು ತಾವೇ ಮೇಜಿನ ಅಂಚಿಗೆ ನಡೆದವು. ತಾಳ ಸಿಗದೆ ಮದುಮಗ ಮದುಮಗಳ ಗೌನಿನ ಮೇಲೆ ಕಾಲಿಟ್ಟ. ಗೌನು ಚರ್ರೆಂದಿತು.

ಸೋಮವಾರ ಬೆಳಿಗ್ಗೆ ಆ ಗೌನು ಹೊಲಿಗೆಗೆಂದು ಎಸ್ಪೆರಾನ್ಸಾಳ ಮನೆಗೇ ಬಂತು. ಹಿಂದೆಯೇ ಲಿಗೋರ್ಯೊನೂ ಬಂದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಚಾಂದರ್‌ನೋರ ಆಂಪು ದರಿದ್ರದ್ದು! ನಮ್ಮದರಲ್ಲಿ ಇಟ್ಟ ಹಾಗೇ ಇಟ್ಟೆ. ಎಂಟು, ಎರಡು!"

ಎಸ್ಪೆರಾನ್ಸಾ ಗೌನಿನಲ್ಲಿ ಮುಖ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು. ಅವಳು ಅಳುತ್ತಿದ್ದಾಳೆಂದೇ ಅವನು ತಿಳಿದ. ಮುಖ ಎತ್ತಿದಾಗ ಕಣ್ಣಲ್ಲಿ ನೀರಿತ್ತು, ನಿಜ, ಆದರೆ ಅಳುವಿನದಲ್ಲ. ಎಲ್ಲ ಹೇಳಿಬಿಟ್ಟಳು.

"ಊರೋರೆಲ್ಲರ ಎದುರು ನನ್ನ ಕತ್ತೆ ಮಾಡಿದ್ಯಲ್ಲ!"

"ಚಾಂದರಿಗೆ ಹೋಗಿ ಅಂತ ನಾ ಹೇಳಿದ್ನಾ?"

ಎರಡು ಮದುವೆ ಮುಗಿಯುವವರೆಗೆ ಅವನು ಅವಳ ಜೊತೆ ಮಾತಾಡಲಿಲ್ಲ. ಎರಡು ಮಾರು ದೂರದಲ್ಲಿದ್ದರೂ, "ಮುಂದಿನದು ನಿಧಾನದ ಹಾಡು ಅಂತ ಆ ಹೆಂಗಸಿಗೆ ಹೇಳು," ಎಂದು ನನ್ನ ಮೂಲಕವೇ ಕಳಿಸುತ್ತಿದ್ದ. "ಕೇಳಿಸ್ತು ಅಂತ ಆ ಗಂಡಸಿಗೆ ಹೇಳು," ಎಂದು ಅವಳು.

ಮೂರನೆಯ ಮದುವೆಗೆ ಅವನು ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. "ಗುಂಡಿ ಸರಿಯಾಗಿ ಕೂರಿಸು. ನನ್ನ ಕಣ್ಣೆದುರು," ಎಂದ. ಅವಳು ಕೂರಿಸಿದಳು. ಮಂದ್ರ ನಾಲ್ಕು, ಮಧ್ಯ ಆರು. ಅವನು ಅಂಕಿಗಳನ್ನು ಬಹಳ ಹೊತ್ತು ನೋಡಿದ. ತಾನು ಮೂರು ತಿಂಗಳು ಹೊಗಳಿದ್ದು ಇದನ್ನೇ.

"ನುಡಿಸಿ," ಎಂದು ನನಗೂ ಡ್ರಮ್ಮಿನವನಿಗೂ ಸೇರಿಸಿ ಹೇಳಿ, ಅಂಗಳ ದಾಟಿ, ಜನ ಕುಣಿಯುವ ಜಾಗದ ಆಚೆ ತುದಿಗೆ ಹೋದ. ಇಷ್ಟು ವರ್ಷಗಳಲ್ಲಿ ಅವನು ಅಲ್ಲಿ ನಿಂತದ್ದು ಅದೇ ಮೊದಲು. ಕಣ್ಣು ಮುಚ್ಚಿದ. ಅರ್ಧ ಹಾಡಾದ ಮೇಲೆ ಅಲ್ಲಿಂದಲೇ ಕೂಗಿದ: "ಬಾಯ್, ಮಧ್ಯ ಇನ್ನೊಂಚೂರು ಏರ್ಸು!"

ಎಸ್ಪೆರಾನ್ಸಾಳ ಹುಬ್ಬು ಮೇಲೇರಿತು. ಜಗಳಕ್ಕೆ ಬಾಯಿ ತೆರೆದವಳು, ಏನನ್ನಿಸಿತೋ, ಒಂದು ಕೂದಲೆಳೆ ತಿರುಗಿಸಿದಳು. ಬೇಸು ನನ್ನ ಕೀಬೋರ್ಡಿಗೆ ಜಾಗ ಬಿಟ್ಟು ಎದ್ದು ನಿಂತಿತು. ಅವಳೂ ನಾನೂ ಮುಖ ಮುಖ ನೋಡಿಕೊಂಡೆವು.

"ಅಯ್ಯೋ ದೇವರೇ, ಸರಿಯಾಗೇ ಹೇಳಿದ್ನಲ್ಲೋ," ಎಂದು ಪಿಸುಗುಟ್ಟಿದಳು. "ಅವನಿಗೆ ಹೇಳ್ಬೇಡ, ಮತ್ತೆ ಹಿಡಿಯೋಕಾಗಲ್ಲ."

ಇಲ್ಲ ಇಲ್ಲ ಎಂದು ತಲೆಯಾಡಿಸಿದೆ. ಕೇಕು ಕತ್ತರಿಸುವ ಹೊತ್ತಿಗೆ ಅವನಿಗೆ ಹೇಳಿಯಾಗಿತ್ತು.